ಪಲಾಸಿಕೆಯ ಪತನಕ್ಕೆ ಅಹಿಂಸೆ ಹೊಣೆಯೇ?

ಖಾನಾಪುರದಿಂದ ನಂದಗಡದ ಮೇಲೆ ಹಾಯ್ದು ಹಲಸಿಗೆ ಹೋಗುವವರು ಸಾಮಾನ್ಯವಾಗಿ ಭೂವರಾಹ ನರಸಿಂಹ ದೇವಾಲಯವನ್ನು ನೋಡಿ ಹಿಂದಿರುಗುತ್ತಾರೆ. ಗೋವೆಯ ಕದಂಬರ ಕಾಲದ ಆ ದೇವಾಲಯ ನೋಡತಕ್ಕದ್ದೇ ಹೌದು. ಆದರೆ ಹಲಸಿಯ ಹೆಸರು ವಿದ್ವಲ್ಲೋಕಕ್ಕೆ ತಲುಪಿದ್ದು ಅದಕ್ಕಿಂತ ಆರು ಶತಮಾನಗಳಷ್ಟು ಹಳೆಯದಾದ ಇನ್ನೊಂದು ಕುರುಹಿನಿಂದ. ಊರ ಹೊರಗೆ, ನಂದಗಡದ ಹಾದಿಯ ಬದಿಯಲ್ಲಿ, ಚಕ್ರತೀರ್ಥವೆಂಬ ಸಣ್ಣ ಬಾವಿಯ ಸಮೀಪದ ಮಣ್ಣಿನ ದಿಬ್ಬದಲ್ಲಿ ದೊರೆತ ಏಳು ತಾಮ್ರಶಾಸನಗಳನ್ನು ಜೆ.ಎಫ್. ಫ್ಲೀಟ್ 1877ರಲ್ಲಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಪ್ರಕಟಿಸಿದರು. ಅವೆಲ್ಲವೂ ಬನವಾಸಿಯ ಆದಿ ಕದಂಬರವು. ಎಲ್ಲವೂ ಜಿನಧರ್ಮಕ್ಕೆ ಸಂದ ದಾನಗಳು. ಹಲಸಿ ಆಗ ಪಲಾಸಿಕೆ, ಕದಂಬರ ಎರಡನೆಯ ರಾಜಧಾನಿ.

ಈ ಶಾಸನಗಳ ಹೆಸರೆತ್ತಿದ ಕೂಡಲೇ ಒಂದು ಮಾತು ತೇಲಿಬರುತ್ತದೆ. ಅರಸರು ಜಿನನಿಗೆ ಶರಣಾದರು, ಅಹಿಂಸೆಯ ಬೋಧೆಗೆ ಕಿವಿಗೊಟ್ಟರು, ಕತ್ತಿಗೆ ತುಕ್ಕು ಹಿಡಿಯಿತು, ರಾಜ್ಯ ಹೋಯಿತು ಎಂಬುದು ಆ ಮಾತು. ಕದಂಬರಿಗೂ ಇದೇ ತೀರ್ಪು, ಗಂಗರಿಗೂ ಇದೇ, ರಾಷ್ಟ್ರಕೂಟರಿಗೂ ಇದೇ, ಬೆಳಗಾವಿಯ ರಟ್ಟರಿಗೂ ಇದೇ. ಭಾಷಣಕಾರರ ಬಾಯಲ್ಲಿ ಇದು ಸಲೀಸಾಗಿ ಹೊರಳುತ್ತದೆ. ಮೊಬೈಲಿನಿಂದ ಮೊಬೈಲಿಗೆ ಹಾರುತ್ತದೆ. ಕೇಳುವ ವಿದ್ಯಾರ್ಥಿ ತಲೆದೂಗುತ್ತಾನೆ, ಏಕೆಂದರೆ ಒಂದೇ ವಾಕ್ಯದಲ್ಲಿ ಸಾವಿರ ವರ್ಷದ ಚರಿತ್ರೆ ಅರ್ಥವಾಗಿಬಿಟ್ಟಂತೆ ಭಾಸವಾಗುತ್ತದೆ. ಈ ಮಾತಿಗೆ ಆಧಾರವೇನೆಂದು ಕೇಳುವವರು ಕಡಮೆ.

ಆರೋಪ ಹೊಸದೂ ಅಲ್ಲ, ಕೇವಲ ಜೈನರ ಪಾಲಿಗೆ ಬಂದದ್ದೂ ಅಲ್ಲ. 410ರಲ್ಲಿ ಅಲಾರಿಕನು ರೋಮ್ ನಗರವನ್ನು ಸೂರೆಗೈದಾಗ, ಹಳೆಯ ದೇವತೆಗಳನ್ನು ಬಿಟ್ಟು ಕ್ರೈಸ್ತರಾದದ್ದೇ ಈ ದುರ್ಗತಿಗೆ ಕಾರಣವೆಂದು ಜನ ಆಡಿಕೊಂಡರು; ಅದಕ್ಕೆ ಉತ್ತರವಾಗಿಯೇ ಅಗಸ್ಟೀನನು ‘ದೇವನಗರಿ’ಯ ಕುರಿತ ತನ್ನ ಬೃಹದ್ಗ್ರಂಥವನ್ನು ಬರೆಯಬೇಕಾಯಿತು. ಹದಿನೆಂಟನೆಯ ಶತಮಾನದಲ್ಲಿ ಗಿಬ್ಬನ್ ಅದೇ ಆರೋಪವನ್ನು ಮತ್ತಷ್ಟು ನಯಗೊಳಿಸಿ ಮುಂದಿಟ್ಟ. ನಮ್ಮಲ್ಲಿ ಮೌರ್ಯರ ಅವನತಿಗೆ ಅಶೋಕನ ಶಾಂತಿನೀತಿಯನ್ನು ಹೊಣೆಮಾಡಿದ ರಾಯಚೌಧುರಿಯಂಥ ದೊಡ್ಡ ವಿದ್ವಾಂಸರೂ ಇದ್ದಾರೆ. ಸಾಮ್ರಾಜ್ಯ ಬಿದ್ದಾಗಲೆಲ್ಲ ಅದರ ಶವದ ಬಳಿ ಒಬ್ಬ ಸನ್ಯಾಸಿಯನ್ನು ನಿಲ್ಲಿಸಿ ‘ಇವನೇ ಕೊಂದವನು’ ಎನ್ನುವುದು ಹಳೆಯ ಚಾಳಿ. ಹಾಗೆ ಹೇಳಿದರೆ ಅರಸನ ಲೆಕ್ಕ ಕೇಳುವ ಕಷ್ಟ ತಪ್ಪುತ್ತದೆ.

ಪಲಾಸಿಕೆಯ ಪಟಗಳನ್ನೇ ಓದಬೇಕು. ಅವುಗಳಲ್ಲಿ ಎಲ್ಲಕ್ಕೂ ಹಿಂದಿನದು ಕಾಕುಸ್ಥವರ್ಮನದು. ಅದರಲ್ಲಿ ದಾನ ಪಡೆದವನು ಮುನಿಯಲ್ಲ, ಶ್ರುತಕೀರ್ತಿಯೆಂಬ ಸೇನಾಪತಿ. ಕಾಕುಸ್ಥನ ಪ್ರಾಣ ಉಳಿಸಿದ್ದಕ್ಕೆ ಸಂದ ಬಹುಮಾನವೆಂದು ಫ್ಲೀಟ್ ಅದನ್ನು ಅರ್ಥೈಸಿದರು. ಆತ್ಮೋದ್ಧಾರಕ್ಕಾಗಿ ಕೊಟ್ಟದ್ದೆಂದು ಓದುವುದಕ್ಕೂ ಅವಕಾಶವಿದೆ. ಯಾವ ಅರ್ಥ ಹಿಡಿದರೂ ಒಂದು ಸಂಗತಿ ಕದಲುವುದಿಲ್ಲ: ಜಿನಧರ್ಮದ ಮೊದಲ ದಾನಪತ್ರದಲ್ಲೇ ಕತ್ತಿ ಹಿಡಿದ ಶ್ರಾವಕನೊಬ್ಬನಿದ್ದಾನೆ. ಅಹಿಂಸೆ ಕತ್ತಿಯನ್ನು ಕಸಿದುಕೊಂಡಿತೆನ್ನುವವರು ಈ ಮೊದಲ ಪಟದಲ್ಲೇ ಎಡವುತ್ತಾರೆ.

ಮೃಗೇಶವರ್ಮನು ತನ್ನ ತೀರಿಹೋದ ತಂದೆಯ ಮೇಲಿನ ಭಕ್ತಿಯಿಂದ ಪಲಾಸಿಕೆಯಲ್ಲಿ ಜಿನಾಲಯವನ್ನು ಕಟ್ಟಿಸಿ 33 ನಿವರ್ತನ ಭೂಮಿಯನ್ನು ಯಾಪನೀಯರಿಗೂ ನಿರ್ಗ್ರಂಥರಿಗೂ ಕೂರ್ಚಕರಿಗೂ ಬಿಟ್ಟನು. ಅವನ ಮಗ ರವಿವರ್ಮನ ಶಾಸನ ಇನ್ನೂ ಸ್ವಾರಸ್ಯದ್ದು. ಕಾರ್ತಿಕದ ಹುಣ್ಣಿಮೆಗೆ ಎಂಟು ದಿನ ಜಿನೇಂದ್ರನ ಉತ್ಸವ ನಡೆಯಬೇಕು. ಮಳೆಗಾಲದ ನಾಲ್ಕು ತಿಂಗಳು ಯಾಪನೀಯ ತಪಸ್ವಿಗಳಿಗೆ ಆಹಾರ ಸಲ್ಲಬೇಕು. ಪುರಜನರು ಪೂಜೆಯನ್ನು ನಡೆಸಿಕೊಂಡು ಬರಬೇಕು ಎಂಬ ಕಟ್ಟಳೆ ಅದರಲ್ಲಿದೆ. ಮಲಪ್ರಭೆ ಹುಟ್ಟುವ ಕಣಕುಂಬಿಯ ಸೀಮೆಯಲ್ಲಿ ಮಳೆ ಎಂದರೇನೆಂದು ಬಲ್ಲವರಿಗೆ ಈ ಚಾತುರ್ಮಾಸದ ಕಟ್ಟಳೆ ಕೇವಲ ಶಾಸ್ತ್ರದ ಮಾತಾಗಿ ಕಾಣದು. ನಡೆಯಲಾಗದ ನಾಲ್ಕು ತಿಂಗಳು ನಿಂತಲ್ಲೇ ನಿಲ್ಲಬೇಕಾದ ಮುನಿಗೆ ಅನ್ನದ ವ್ಯವಸ್ಥೆ ಅದು.

ಇದೇ ರವಿವರ್ಮನ ಇನ್ನೊಂದು ಹಲಸಿ ಶಾಸನ ಅವನು ವಿಷ್ಣುವರ್ಮನೇ ಮೊದಲಾದ ಅರಸರನ್ನು ಕೊಂದು, ಕಂಚಿಯ ಚಂಡದಂಡನನ್ನು ಕಿತ್ತೆಸೆದು, ಪಲಾಸಿಕೆಯಲ್ಲಿ ನೆಲೆನಿಂತನೆಂದು ಹೊಗಳುತ್ತದೆ. ವಿಷ್ಣುವರ್ಮ ಯಾರು? ಕದಂಬ ವಂಶದ ಇನ್ನೊಂದು ಶಾಖೆಯ ಅರಸನೆಂದೇ ಬಹುಪಾಲು ವಿದ್ವಾಂಸರ ನಿರ್ಣಯ. ಕಾಕುಸ್ಥನ ಬಳಿಕ ರಾಜ್ಯ ಇಬ್ಭಾಗವಾಗಿತ್ತು. ಹಿರಿಯ ಶಾಂತಿವರ್ಮನದು ಬನವಾಸಿಯ ಶಾಖೆ, ತಮ್ಮ ಕೃಷ್ಣವರ್ಮನದು ದಕ್ಷಿಣದ ಶಾಖೆ. ಕೃಷ್ಣವರ್ಮ ಅಶ್ವಮೇಧ ಮಾಡಿದವನು. ಅವನ ಸೈನ್ಯ ಪಲ್ಲವರೊಡನೆಯ ಕಾಳಗದಲ್ಲಿ ನುಚ್ಚುನೂರಾದದ್ದನ್ನು ಆಣಜಿಯ ಶಾಸನ ಹೇಳುತ್ತದೆ. ಅವನ ಮಗ ವಿಷ್ಣುವರ್ಮನಿಗೆ ಪಟ್ಟ ಕಟ್ಟಿದವರೂ ಪಲ್ಲವರೇ. ಆ ವಿಷ್ಣುವರ್ಮನನ್ನು ಕೊಂದವನು ಶಾಂತಿವರ್ಮನ ಮೊಮ್ಮಗ ರವಿವರ್ಮ. ರವಿವರ್ಮನ ಮಗ ಹರಿವರ್ಮನ ಶಾಖೆಯನ್ನು ಮುಗಿಸಿದವನು ವಿಷ್ಣುವರ್ಮನ ಮೊಮ್ಮಗ ಎರಡನೆಯ ಕೃಷ್ಣವರ್ಮ. ಅಣ್ಣತಮ್ಮಂದಿರ ಮಕ್ಕಳು, ಮೊಮ್ಮಕ್ಕಳು ಹೀಗೆ ತಲೆಮಾರುಗಟ್ಟಲೆ ಒಬ್ಬರನ್ನೊಬ್ಬರು ಕಡಿದುಕೊಳ್ಳುತ್ತಿದ್ದಾಗ, ಅವರ ಸಾಮಂತರಾಗಿದ್ದ ಚಲುಕ್ಯರ ಪುಲಕೇಶಿಯು 543ರಲ್ಲಿ ಬಾದಾಮಿಯ ಬಂಡೆಯ ಮೇಲೆ ಕೋಟೆ ಕಟ್ಟಿ ಸ್ವತಂತ್ರನಾದನು. ಈ ಕಥೆಯಲ್ಲಿ ಅಹಿಂಸೆ ಹೆಚ್ಚಾಯಿತೆಂದು ಯಾವ ಪುಟದಲ್ಲಿ ಬರೆದಿದೆ? ಅಶ್ವಮೇಧದ ಶಾಖೆಯೂ ಮುರಿಯಿತು, ಅಷ್ಟಾಹ್ನಿಕದ ಶಾಖೆಯೂ ಮುರಿಯಿತು. ಎರಡನ್ನೂ ಮುರಿದದ್ದು ಒಂದೇ ರೋಗ.

ಚಲುಕ್ಯರ ಕಥೆಯನ್ನು ಇಲ್ಲಿ ಉದ್ದಕ್ಕೆ ಬೆಳೆಸಬೇಕಾಗಿಲ್ಲ. ಐಹೊಳೆಯ ಮೇಗುತಿ ಜಿನಾಲಯದ ಶಾಸನದಲ್ಲಿ ರವಿಕೀರ್ತಿ 634ರಲ್ಲಿ ಇಮ್ಮಡಿ ಪುಲಕೇಶಿಯ ದಿಗ್ವಿಜಯವನ್ನು ಹಾಡಿದನು. ಹತ್ತು ವರ್ಷ ಕಳೆಯುವ ಮೊದಲೇ ಬಾದಾಮಿ ಪಲ್ಲವರ ಕೈಯಲ್ಲಿತ್ತು. ನರ್ಮದೆಯಿಂದ ಕಾವೇರಿಯವರೆಗೆ ಹಗೆಗಳನ್ನು ಸಂಪಾದಿಸಿದವನಿಗೆ ತನ್ನ ಮನೆಬಾಗಿಲನ್ನು ಕಾಯಲಾಗಲಿಲ್ಲ.

ಆರೋಪಿಸುವವರ ಮೆಚ್ಚಿನ ಉದಾಹರಣೆ ರಾಷ್ಟ್ರಕೂಟರು. ಅಮೋಘವರ್ಷ ನೃಪತುಂಗ ಜಿನಸೇನಾಚಾರ್ಯರ ಶಿಷ್ಯ, ‘ಪ್ರಶ್ನೋತ್ತರ ರತ್ನಮಾಲಿಕೆ’ ಅವನ ಹೆಸರಿನಲ್ಲಿದೆ, ಯುದ್ಧಕ್ಕಿಂತ ವಿದ್ಯೆಯಲ್ಲಿ ಹೆಚ್ಚು ಒಲವಿದ್ದವನು. ಸರಿ. ಅಂಥವನು ಸುಮಾರು 64 ವರ್ಷ ಆಳಿದ. ಅವನ ಕಾಲದಲ್ಲೇ ಅರಬ್ ವರ್ತಕ ಸುಲೇಮಾನನ ಹೆಸರಿನಲ್ಲಿ ಬಂದ ವೃತ್ತಾಂತ ಬಲ್ಹರ ದೊರೆಯನ್ನು ಜಗತ್ತಿನ ನಾಲ್ವರು ಮಹಾರಾಜರಲ್ಲಿ ಒಬ್ಬನೆಂದು ಎಣಿಸಿತು. ಅವನ ವಿರುದ್ಧ ದಂಗೆಯೆದ್ದಾಗ ಅಡಗಿಸಿದವನು ಬಂಕೆಯ, ಅವನೂ ಜೈನ. ಅಹಿಂಸೆಯಿಂದ ರಾಜ್ಯ ಹೋಗುವುದಾಗಿದ್ದರೆ ಅಂದೇ ಹೋಗಬೇಕಿತ್ತು. ಹೋದದ್ದು ಸುಮಾರು ನೂರು ವರ್ಷಗಳ ಬಳಿಕ, ಆ ವಂಶದಲ್ಲೇ ಮಹಾಯೋಧನೆನಿಸಿದ ಮೂರನೆಯ ಕೃಷ್ಣನ ಬೆನ್ನಿಗೆ.

ಕೃಷ್ಣನು 949ರಲ್ಲಿ ತಕ್ಕೋಲದಲ್ಲಿ ಚೋಳರನ್ನು ಮುರಿದ. 959ರಲ್ಲಿ ಮೇಲ್ಪಾಡಿಯ ಬೀಡಿನಲ್ಲಿ ಕುಳಿತು ಗೆದ್ದ ದಕ್ಷಿಣದ ನಾಡುಗಳನ್ನು ತನ್ನ ಆಶ್ರಿತರಿಗೆ ಜೀವಿತವಾಗಿ ಹಂಚುತ್ತಿದ್ದನೆಂದು ಅವನ ಕರಾಡದ ತಾಮ್ರಪಟವೇ ಹೇಳುತ್ತದೆ. ಆ ಪಟದ ದಾನ ಸಂದದ್ದು ಗಗನಶಿವನೆಂಬ ಶೈವ ಯತಿಗೆ. ಆದ್ದರಿಂದ ಅವನನ್ನು ಬಸದಿಯ ಬೋಧೆ ಮೆತ್ತಗಾಗಿಸಿತೆನ್ನಲು ದಾರಿಯಿಲ್ಲ. ಹಾಗೆ ಹಂಚಿದ ಜೀವಿತಗಳಲ್ಲಿ ತರ್ದವಾಡಿ ಸಾವಿರವೂ ಒಂದು. ಅದು 965ರಲ್ಲಿ ಚಾಳುಕ್ಯ ತೈಲಪನ ಕೈಯಲ್ಲಿತ್ತು. 972ರಲ್ಲಿ ಪರಮಾರ ಸೀಯಕನು ಮಾನ್ಯಖೇಟವನ್ನು ಲೂಟಿಮಾಡಿದ. ಮರುವರ್ಷ ಅದೇ ತೈಲಪನು ಒಡೆಯನ ಮನೆಯನ್ನು ಕಿತ್ತು ತನ್ನ ಮನೆ ಕಟ್ಟಿದ. ಸೀಯಕನ ಕೊಳ್ಳೆಯನ್ನು ಧನಪಾಲ ತನ್ನ ಪ್ರಾಕೃತ ಕೋಶದ ಕಾಲವನ್ನು ಹೇಳಲು ಬಳಸಿಕೊಂಡಿದ್ದಾನೆ. ಒಂದು ಸಾಮ್ರಾಜ್ಯದ ಮರಣ ಇನ್ನೊಬ್ಬರ ನಿಘಂಟಿಗೆ ತಾರೀಖಾಗಿ ಒದಗುವುದೆಂದರೆ ಇದೇ.

ತೈಲಪನ ಪಾಳೆಯದಲ್ಲಿ ಯಾರಿದ್ದರು? ಅತ್ತಿಮಬ್ಬೆಯ ಮನೆಯವರಿದ್ದರು: ತಂದೆ ಮಲ್ಲಪಯ್ಯ, ಗಂಡ ನಾಗದೇವ. ಅವರೂ ಜೈನರೇ. ಸೋತ ರಾಷ್ಟ್ರಕೂಟರ ಪರವಾಗಿ ಕೊನೆಯವರೆಗೆ ಹೋರಾಡಿದ ಗಂಗ ಮಾರಸಿಂಹನೂ ಜೈನ. ನೊಳಂಬಕುಲಾಂತಕನೆಂಬುದು ಅವನ ಬಿರುದು. ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸಮಕ್ಷಮದಲ್ಲಿ ಅವನು ಸಲ್ಲೇಖನ ಕೈಗೊಂಡದ್ದನ್ನು ಹಿಡಿದು, ಹೊಟ್ಟೆಗೆ ತಿನ್ನದೆ ರಾಜ್ಯ ಕಳೆದುಕೊಂಡರೆಂದು ಕುಹಕವಾಡುವವರಿದ್ದಾರೆ. ರಾಜ್ಯ ಹೋದದ್ದು ಮೊದಲು, ಸಲ್ಲೇಖನ ಆಮೇಲೆ. ಅವನು ಪಟ್ಟಕ್ಕೇರಿಸಲು ಹೆಣಗಿದ ನಾಲ್ಕನೆಯ ಇಂದ್ರ 982ರಲ್ಲಿ ಶ್ರವಣಬೆಳಗೊಳದಲ್ಲಿ ಅದೇ ದಾರಿ ಹಿಡಿದ. ಗೆದ್ದ ಪಕ್ಷದಲ್ಲೂ ಜೈನರು, ಸೋತ ಪಕ್ಷದಲ್ಲೂ ಜೈನರು ಇರುವಾಗ, ಸೋಲಿನ ಖರ್ಚನ್ನು ಮಾತ್ರ ಧರ್ಮದ ಖಾತೆಗೆ ಬರೆದು ಗೆಲುವಿನ ಜಮೆಯನ್ನು ಬಿಟ್ಟುಬಿಡುವುದು ಯಾವ ಲೆಕ್ಕ? ಗಂಗರನ್ನು ಅಳಿಸಿದ ಚೋಳರು ಬಸದಿಗೆ ಶರಣಾದವರಲ್ಲ, ಅವರೂ ಅಳಿದರು. ದೇವಗಿರಿಯ ಸೇವುಣರು, 1565ರಲ್ಲಿ ನೆಲಕಚ್ಚಿದ ವಿಜಯನಗರ, ಇವರ ಯಾರ ಅರಮನೆಯಲ್ಲಿ ಅಹಿಂಸೆಯ ಅತಿರೇಕವಿತ್ತು?

ಆರೋಪದ ಬುಡದಲ್ಲಿ ಶಾಸ್ತ್ರದ ಅಜ್ಞಾನವೂ ಇದೆ. ಮುನಿಯ ಮಹಾವ್ರತ ಬೇರೆ, ಶ್ರಾವಕನ ಅಣುವ್ರತ ಬೇರೆ. ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ವಿಂಗಡಿಸಿ, ಬೇಕೆಂದು ಕೊಲ್ಲುವ ಸಂಕಲ್ಪೀ ಹಿಂಸೆಯನ್ನು ಗೃಹಸ್ಥ ಪೂರ್ತಿಯಾಗಿ ಬಿಡಬೇಕೆಂದು ಹೇಳಿದ ಪರಂಪರೆ ಇದು. ಮೇಲೆ ಬಿದ್ದವನನ್ನು ಎದುರಿಸುವ ವಿರೋಧೀ ಹಿಂಸೆ ಅವನಿಗೆ ನಿಷಿದ್ಧವಲ್ಲ. ಕೃಷ್ಣನು ಮೇಲ್ಪಾಡಿಯಲ್ಲಿದ್ದ ಅದೇ 959ರಲ್ಲಿ ‘ಯಶಸ್ತಿಲಕ’ವನ್ನು ಮುಗಿಸಿದ ಸೋಮದೇವಸೂರಿಯೇ ‘ನೀತಿವಾಕ್ಯಾಮೃತ’ವನ್ನೂ ಬರೆದ. ದಂಡ, ಕೋಶ, ದುರ್ಗ, ಸೈನ್ಯ, ಮಂತ್ರಿ ಎಲ್ಲವನ್ನೂ ಕುರಿತ ರಾಜನೀತಿ ಗ್ರಂಥವದು. ಬರೆದವನು ದಿಗಂಬರ ಆಚಾರ್ಯ. ಅರಸನ ಕೈಯಿಂದ ಕತ್ತಿ ಕಸಿಯುವುದು ಅವನ ಉದ್ದೇಶವಾಗಿದ್ದರೆ ಅಷ್ಟು ಶ್ರಮಪಡಬೇಕಾಗಿರಲಿಲ್ಲ.

ಅರಸರು ಪಾಲಿಸದ ವ್ರತ ಯಾವುದೆಂದು ಕೇಳಿದರೆ ಉತ್ತರ ಬೇರೆಡೆ ಸಿಗುತ್ತದೆ. ಅಣುವ್ರತಗಳಲ್ಲಿ ಐದನೆಯದು ಪರಿಗ್ರಹ ಪರಿಮಾಣ: ಇಷ್ಟು ಸಾಕು ಎಂದು ಗೆರೆ ಎಳೆದುಕೊಳ್ಳುವುದು. ಅದಕ್ಕೆ ಬೇಲಿಯಾಗಿ ಸಮಂತಭದ್ರಾಚಾರ್ಯರು ‘ರತ್ನಕರಂಡಕ’ದಲ್ಲಿ ಹೇಳಿದ ಮೊದಲ ಗುಣವ್ರತ ದಿಗ್ವ್ರತ. ಈ ನದಿಯಿಂದಾಚೆ, ಈ ಬೆಟ್ಟದಿಂದಾಚೆ, ಈ ದಿಕ್ಕಿನಲ್ಲಿ ಇಷ್ಟು ಯೋಜನದಿಂದಾಚೆ ಬದುಕಿರುವತನಕ ಹೋಗೆನು ಎಂಬ ಪ್ರತಿಜ್ಞೆ ಅದು. ದಿಕ್ಕುಗಳನ್ನೆಲ್ಲ ಗೆಲ್ಲುವುದೇ ಅರಸನ ಪುರುಷಾರ್ಥವೆಂದು ಕವಿಗಳು ಹಾಡುತ್ತಿದ್ದ ಕಾಲದಲ್ಲಿ, ದಿಕ್ಕುಗಳಿಗೆ ಎಲ್ಲೆ ಹಾಕಿಕೊಳ್ಳುವುದು ಶ್ರಾವಕನ ಧರ್ಮವೆಂದು ಬರೆದವರ ಎದೆಗಾರಿಕೆಯನ್ನು ಗಮನಿಸಬೇಕು. ಬಸದಿಗೆ ಭೂಮಿ ಬಿಟ್ಟ ದೊರೆಗಳ ಪಟ್ಟಿ ಉದ್ದವಾಗಿದೆ. ದಿಗ್ವ್ರತ ತೊಟ್ಟ ದೊರೆಯ ಹೆಸರನ್ನು ಶಾಸನಗಳಲ್ಲಿ ಹುಡುಕಬೇಕಷ್ಟೆ. ದಾನ ಸುಲಭ, ಸಾಕೆನ್ನುವುದು ಕಷ್ಟ.

ಜಿನಸೇನಾಚಾರ್ಯರಿಗೆ ಇದು ತಿಳಿದಿತ್ತು. ಅವರು ಮಹಾಪುರಾಣದಲ್ಲಿ, ಅವರನ್ನು ಅನುಸರಿಸಿ ಪಂಪನು 941ರ ಆದಿಪುರಾಣದಲ್ಲಿ, ವೃಷಭಾಚಲದ ಪ್ರಸಂಗವನ್ನು ತಂದರು. ಷಟ್ಖಂಡವನ್ನು ಗೆದ್ದ ಭರತ ಚಕ್ರವರ್ತಿ ತನ್ನ ಹೆಸರು ಕೆತ್ತಿಸಲು ಹೋಗುತ್ತಾನೆ, ಬೆಟ್ಟದ ತುಂಬ ಹಿಂದಿನ ಚಕ್ರವರ್ತಿಗಳ ಹೆಸರುಗಳು, ಬೆರಳಿಡಲೂ ಜಾಗವಿಲ್ಲ. ಒಬ್ಬನದನ್ನು ಅಳಿಸಿ ತನ್ನದನ್ನು ಬರೆಯಬೇಕಾಗುತ್ತದೆ. ಇದು ಕಾಡಿನಲ್ಲಿ ಕುಳಿತ ವಿರಾಗಿಯೊಬ್ಬ ಅರಸರನ್ನು ಹಂಗಿಸಿ ಬರೆದ ಪ್ರಸಂಗವಲ್ಲ. ಒಂದು ಸಾಮ್ರಾಜ್ಯದ ನಡುನೆಲದಲ್ಲಿ, ಚಕ್ರವರ್ತಿಯ ಗುರುವೇ ಬರೆದದ್ದು. ಕೇಳಿದವರು ಮೆಚ್ಚಿದರು, ಮತ್ತೆ ದಂಡೆತ್ತಿ ಹೋದರು.

ಇಷ್ಟು ಹೇಳಿದ ಮೇಲೆ ಜೈನ ಸಮಾಜದ ವೇದಿಕೆಗಳ ಕಡೆಗೂ ತಿರುಗಬೇಕಾಗುತ್ತದೆ, ಏಕೆಂದರೆ ಅಲ್ಲಿಯೂ ಒಂದು ಸುಳ್ಳು ಬೆಳೆದಿದೆ. ಜಿನಧರ್ಮವನ್ನು ಪೊರೆದ ತನಕ ರಾಜ್ಯಗಳು ಬಾಳಿದವು, ಕೈಬಿಟ್ಟೊಡನೆ ಅಳಿದವು ಎಂಬ ಹೆಮ್ಮೆಯ ಮಾತು ಅದು. ಇದು ಹಿಂದಿನ ಆರೋಪದ ಅವಳಿ ಮಾತು, ಮುಖ ತಿರುಗಿಸಿ ನಿಂತಿದೆ ಅಷ್ಟೆ. ಬೆಳಗಾವಿಯ ಕೋಟೆಯೊಳಗಿನ ಕಮಲ ಬಸದಿ ಇದಕ್ಕೆ ಉತ್ತರ ಕೊಡುತ್ತದೆ. ರಟ್ಟರ ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಣನು ಕಟ್ಟಿಸಿದ ಆ ಜಿನಾಲಯಕ್ಕೆ 1204ರಲ್ಲಿ ದಾನಗಳು ಸಂದವು. ಶುಭಚಂದ್ರ ಭಟ್ಟಾರಕರು ಅದರ ಆಚಾರ್ಯರು. ರಟ್ಟರಷ್ಟು ನಿಷ್ಠೆಯಿಂದ ಬಸದಿಗಳನ್ನು ಪೊರೆದ ಮನೆತನ ಈ ಭಾಗದಲ್ಲಿ ಇನ್ನೊಂದಿಲ್ಲ. ಅವರ ರಾಜಗುರು ಮುನಿಚಂದ್ರನನ್ನು ಸವದತ್ತಿಯ ಶಾಸನ ಶಾಸ್ತ್ರದಲ್ಲೂ ಶಸ್ತ್ರದಲ್ಲೂ ನಿಪುಣನೆಂದು, ರಟ್ಟರಾಜ್ಯವನ್ನು ನೆಲೆಗೊಳಿಸಿದವನೆಂದು ಕೊಂಡಾಡುತ್ತದೆ. ಅದಾಗಿ ಹತ್ತೇ ವರ್ಷಗಳ ಒಳಗೆ, ಸೇವುಣ ಸಿಂಘಣನ ದಂಡನಾಯಕನು (ವಿಧಿವಿಲಾಸವೆನ್ನಬೇಕು, ಅವನ ಹೆಸರೂ ಬೀಚಣನೇ) ರಟ್ಟರನ್ನೂ ಕೊಂಕಣದ ಕದಂಬರನ್ನೂ ಮಣಿಸಿದನೆಂದು 1238ರ ಹರಳಹಳ್ಳಿ ಶಾಸನ ಸಾರುತ್ತದೆ. ಬಸದಿ ಕಟ್ಟಿಸಿದ್ದು ರಟ್ಟರನ್ನು ಕೆಡವಲಿಲ್ಲ, ಉಳಿಸಲೂ ಇಲ್ಲ. ಧರ್ಮವೆಂಬುದು ಸಿಂಹಾಸನಕ್ಕೆ ಇಳಿಸುವ ವಿಮೆಯ ಕಂತಲ್ಲ.

ಇನ್ನೂ ಕಹಿಯಾದ ಪ್ರಶ್ನೆಯೊಂದಿದೆ. ಅರಸರು ಅಳಿದರು, ಆಗಲಿ. ಅವರಿಂದ ಭೂಮಿ ಪಡೆದ ಸಂಘಗಳು ಏನಾದವು? ಪಲಾಸಿಕೆಯಲ್ಲಿ ದಾನ ಪಡೆದ ಕೂರ್ಚಕರು ಬಹುಬೇಗ ಹೆಸರಿಲ್ಲದಂತಾದರು. ಯಾಪನೀಯರು ಸಾವಿರ ವರ್ಷದಷ್ಟು ಕಾಲ ಈ ನಾಡಿನಲ್ಲಿ ಬಾಳಿದರು. ಮುನಿಗಳು ದಿಗಂಬರರಂತೆ ನಗ್ನರು, ಆದರೆ ಸ್ತ್ರೀಗೂ ಮುಕ್ತಿಯುಂಟೆಂದು ಶ್ವೇತಾಂಬರರಂತೆ ನಂಬಿದವರು. ಎರಡು ದಡಗಳ ನಡುವಣ ಸೇತುವೆಯಂತಿದ್ದವರು. ಬೆಳಗಾವಿ ಜಿಲ್ಲೆಯ ಕಾಗವಾಡದ 1394ರ ಶಾಸನದ ಬಳಿಕ ಅವರ ಸುದ್ದಿ ಇಲ್ಲವೆನ್ನಬೇಕು. ಅವರನ್ನು ಮತ್ತೆ ವಿದ್ವತ್ತಿನ ಬೆಳಕಿಗೆ ತಂದವರಲ್ಲಿ ಮೊದಲಿಗರಾಗಿ ನಿಲ್ಲುವ ಡಾ. ಆ.ನೇ. ಉಪಾಧ್ಯೆ ಇದೇ ಜಿಲ್ಲೆಯ ಸದಲಗಾದವರು. ಯಾಪನೀಯರನ್ನು ಯಾವ ಹೊರಗಿನ ದಂಡೂ ಕೊಂದದ್ದಲ್ಲ. ಅರಸರ ಭೂಮಿ, ಅರಸರ ಮಾನ್ಯತೆ, ಅರಸರ ಆಸ್ಥಾನ ಇವುಗಳ ಆಸರೆಯಲ್ಲಿ ಬೆಳೆದ ಸಂಘ, ಆ ಆಸರೆ ಕಳಚಿದಾಗ ಜನರ ನಡುವೆ ಬೇರು ಹುಡುಕಬೇಕಾಯಿತು. ಅಷ್ಟರಲ್ಲಿ ಅನುಯಾಯಿಗಳು ಬೇರೆ ಗಣಗಳಲ್ಲಿ ಕರಗಿಹೋದರು. ನಿಷ್ಪರಿಗ್ರಹದ ಗುರುಗಳೇ ನಿವರ್ತನಗಳ ಲೆಕ್ಕದಲ್ಲಿ ಬಾಳತೊಡಗಿದಾಗ, ಅರಸನಿಗೆ ಸಾಕೆನ್ನುವುದನ್ನು ಕಲಿಸುವವರು ಯಾರು? ದಿಗ್ವ್ರತ ಗ್ರಂಥದಲ್ಲೇ ಉಳಿದದ್ದರಲ್ಲಿ ಸಂಘದ ಪಾಲೂ ಇಲ್ಲದಿಲ್ಲ. ಇಂದು ಪಂಚಕಲ್ಯಾಣದ ಮಂಟಪದಲ್ಲಿ ಮುನಿಯ ಪೀಠಕ್ಕಿಂತ ಮಂತ್ರಿಯ ಕುರ್ಚಿಗೆ ಹೆಚ್ಚು ಕಾಯುವವರು, ಅನುದಾನದ ಮೊತ್ತವನ್ನೇ ಧರ್ಮಪ್ರಭಾವನೆಯೆಂದು ಘೋಷಿಸುವವರು, ಚಕ್ರತೀರ್ಥದ ದಿಬ್ಬದಲ್ಲಿ ಹುಗಿದುಹೋಗಿದ್ದ ಪಟಗಳನ್ನು ಒಮ್ಮೆ ತಮ್ಮ ಪಾಲಿಗೂ ಓದಿಕೊಳ್ಳುವುದೊಳ್ಳೆಯದು.

ಕಮಲ ಬಸದಿಯ ದಾನಗಳಲ್ಲಿ ಅರಸನು ಬಿಟ್ಟ ಭೂಮಿಯ ಜೊತೆಗೆ ಪೇಟೆಯ ವರ್ತಕರು ತಮ್ಮ ಸರಕಿನ ಮೇಲೆ ಬಿಟ್ಟುಕೊಟ್ಟ ಆಯಗಳೂ ಇದ್ದವು. ಆ ವಿವರಗಳನ್ನು ಹೊತ್ತ ಎರಡು ಶಿಲಾಶಾಸನಗಳು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ಕೋಟೆ ಮಾತ್ರ ಇಲ್ಲಿಯೇ ಇದ್ದು ರಟ್ಟರಿಂದ ಸೇವುಣರಿಗೆ, ವಿಜಯನಗರಕ್ಕೆ, 1472ರಲ್ಲಿ ಬಹಮನಿಗಳಿಗೆ, ಆಮೇಲೆ ಆದಿಲಶಾಹಿಗೆ, ಮರಾಠರಿಗೆ, 1818ರಲ್ಲಿ ಇಂಗ್ಲಿಷರಿಗೆ ಕೈ ಬದಲಾಯಿಸಿತು. ಊರೊಳಗಿನ ದೊಡ್ಡ ಬಸದಿಯಲ್ಲಿ ಯಾಪನೀಯರು ಪ್ರತಿಷ್ಠಾಪಿಸಿದ ನೇಮಿನಾಥ ಬಿಂಬಕ್ಕೆ ಪೂಜೆ ನಡೆಸಿಕೊಂಡು ಬಂದವರು ಯಾಪನೀಯರಲ್ಲ, ದಿಗಂಬರ ಶ್ರಾವಕರು. ಪೀಠದ ಬರೆಹವನ್ನು ಓದಿದವರು ಅವರಲ್ಲಿ ಎಷ್ಟು ಮಂದಿಯೋ. ಕಾರ್ತಿಕದ ಎಂಟು ದಿನಗಳ ಅಷ್ಟಾಹ್ನಿಕ ಪರ್ವ ಈಗಲೂ ಈ ಸೀಮೆಯ ಬಸದಿಗಳಲ್ಲಿ ಹುಣ್ಣಿಮೆಗೆ ಮುಗಿಯುತ್ತದೆ. ರವಿವರ್ಮನ ಹೆಸರು ಅದರ ಸಂಕಲ್ಪದಲ್ಲಿ ಬರುವುದಿಲ್ಲ.